ಮೊದಲ ಬೋಗುಣಿ ಹಿಟ್ಟು

ಊರಿನಲ್ಲಿ ಯಾವ ಜನ ಎಷ್ಟೆಷ್ಟು ಇದ್ದಾರೆ ಎಂದು ಎಣಿಸಲು ಸರಕಾರದ ಮಂದಿ ಆಗಾಗ ಬಾಗಿಲಿಗೆ ಬರುತ್ತಾರೆ. ಬರಲಿ, ಎಣಿಸಲಿ, ಅದು ಅವರ ಕೆಲಸ. ರಾಣೆಬೆನ್ನೂರಿನ ಹಳೇ ಪೇಟೆಯ ನಮ್ಮ ಓಣಿಯ ಮಟ್ಟಿಗೆ ನನಗೆ ಆ ಲೆಕ್ಕ ಎಂದೂ ಬೇಕಾಗಿರಲಿಲ್ಲ. ನಮ್ಮದು ಹಿಟ್ಟಿನ ಗಿರಣಿ. ಯಾರ ಮನೆಯಲ್ಲಿ ಏನು ಬೀಸಿಸುತ್ತಾರೆ ಎಂಬುದು ಗೊತ್ತಿದ್ದರೆ ಊರಿನಲ್ಲಿ ಯಾರ್ಯಾರಿದ್ದಾರೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಬರೀ ಬಿಳಿಜೋಳದ ಪುಟ್ಟಿ ಹೊತ್ತು ಬರುವವರು ಒಕ್ಕಲುತನದವರು. ಜೋಳದ ಜೊತೆ ಗೋಧಿಯ ಡಬ್ಬಿಯೂ ಇದ್ದರೆ ಪೇಟೆಯಲ್ಲಿ ಅಂಗಡಿ ಇದ್ದವರು. ಗೋಧಿಯನ್ನು ಸಣ್ಣಗೆ ಬೀಸಬೇಡಿ, ತರಿತರಿ ಇರಲಿ ಎನ್ನುವವರು ಮಾರವಾಡಿ ಮನೆಯ ಹೆಂಗಸರು. ರಂಜಾನ್ ಹತ್ತಿರ ಬಂತೆಂದರೆ ಮುಸಲ್ಮಾನರ ಮನೆಗಳಿಂದ ಅಕ್ಕಿಯ ಡಬ್ಬಿಗಳು ಸಾಲು ಹಚ್ಚುತ್ತಿದ್ದವು. ಎಳ್ಳಮವಾಸ್ಯೆ ಬಂದರೆ ಎಲ್ಲರ ಮನೆಯಿಂದಲೂ ಸಜ್ಜೆ. ಹಳ್ಳದಾಚೆಯ ಕೇರಿಯ ಹೆಂಗಸರು ಹೊಲದ ಕೆಲಸ ಮುಗಿಸಿ ಸಂಜೆಗೆ ಬರುತ್ತಿದ್ದರು, ಕೂಲಿಗೆ ಬಂದ ಜೋಳವನ್ನು ಸೆರಗಿನಲ್ಲೇ ಕಟ್ಟಿಕೊಂಡು. ಮೈಸೂರು ಕಡೆಯಿಂದ ವರ್ಗವಾಗಿ ಬಂದ ನೌಕರರೊಬ್ಬರ ಮನೆಯಿಂದ ಒಮ್ಮೆ ರಾಗಿ ಬಂದಾಗ ಅಪ್ಪ ಅದನ್ನು ಅಂಗೈಯಲ್ಲಿ ಹಿಡಿದು ನೋಡಿ, "ಇದನ್ನ ತಿಂದು ಬದುಕ್ತಾರೇನ್ರಿ?" ಎಂದು ಕೇಳಿ ಅವರಿಂದ ಚೆನ್ನಾಗಿ ಬೈಸಿಕೊಂಡಿದ್ದ.

ಗಿರಣಿಯ ಕೆಲಸ ನೋಡದವರಿಗೆ ಒಂದು ಮಾತು ಹೇಳಬೇಕು. ಒಬ್ಬರ ಕಾಳು ಮುಗಿದು ಇನ್ನೊಬ್ಬರದನ್ನು ಸುರುವಿದಾಗ, ಹಿಂದಿನವರ ಹಿಟ್ಟು ಕಲ್ಲುಗಳ ನಡುವೆ ಒಂದಿಷ್ಟು ಉಳಿದೇ ಇರುತ್ತದೆ. ಎಷ್ಟು ಬಡಿದರೂ, ಎಷ್ಟು ಕೊಡವಿದರೂ ಅದು ಪೂರ್ತಿ ಹೋಗುವುದಿಲ್ಲ. ಮುಂದಿನವರ ಹಿಟ್ಟಿನ ಜೊತೆ ಸೇರಿ ಅದೇ ಮೊದಲು ಹೊರಗೆ ಬರುತ್ತದೆ. ಹೀಗಾಗಿ ನಮ್ಮ ಓಣಿಯ ಯಾವ ಮನೆಯ ರೊಟ್ಟಿಯೂ ಪೂರ್ತಿ ಆ ಮನೆಯದಾಗಿರಲಿಲ್ಲ. ಎಲ್ಲರಿಗೂ ಇದು ಗೊತ್ತಿತ್ತು. ಪಾಳಿಗೆ ಕೂತ ಹೆಂಗಸರು ಅದನ್ನೇ ಆಡಿಕೊಂಡು ನಗುತ್ತಿದ್ದರು.

"ನಿನ್ನ ಗೋಧಿ ನನ್ನ ಜೋಳದಾಗ ಸೇರೈತೆವಾ. ನಿನ್ನೆ ರೊಟ್ಟಿ ರಬ್ಬರ್ ಜಗ್ಗಿದಂಗ ಜಗ್ಗಾಕತ್ತಿದ್ವು."

"ಪುಕ್ಕಟೆ ಗೋಧಿ ತಿಂದಿ, ಮ್ಯಾಲ ತಕರಾರು ಬ್ಯಾರೆ ಮಾಡ್ತಿ?"

ಅಪ್ಪನ ನಿಯಮ ಒಂದೇ: ಪಾಳಿ ಯಾರದೋ ಅವರ ಕಾಳು. ಸಾಹುಕಾರರ ಮನೆಯ ಆಳು ಬಂದು ಡಬ್ಬಿಯನ್ನು ಮುಂದೆ ಸರಿಸಿದರೆ ಅಪ್ಪ ಅದನ್ನು ಎತ್ತಿ ಎಲ್ಲರಿಗಿಂತ ಹಿಂದೆ ಇಡುತ್ತಿದ್ದ. ಕೇರಿಯ ಮುದುಕಿಯ ಸೆರಗಿನ ಜೋಳ ಬೀಸಿದ ಕಲ್ಲಿಗೇ ಮರುಕ್ಷಣ ಸಾಹುಕಾರರ ಜೋಳ ಬೀಳುತ್ತಿತ್ತು. ನಾನು ಇದನ್ನೆಲ್ಲ ನೋಡುತ್ತ ಹಿಟ್ಟಿನ ಧೂಳಿನಲ್ಲಿ ಬೆಳೆದೆ. ಊರು ಎಂದರೆ ಇದೇ ಎಂದುಕೊಂಡೆ.

ನಾನು ಮೂರನೇ ಇಯತ್ತೆಯಲ್ಲಿದ್ದಾಗ ಅಪ್ಪ ಹೋದ. ಅವ್ವ ಮಷೀನಿನ ಚಕ್ರಕ್ಕೆ ಪಟ್ಟಾ ಏರಿಸುವುದನ್ನು ಕಲಿತಳು, ಸೀರೆಯನ್ನು ಮೇಲಕ್ಕೆ ಕಟ್ಟಿ ಗಿರಣಿ ನಡೆಸಿದಳು. ಆ ದಿನಗಳಲ್ಲಿ ನಮಗೆ ಆಸರೆಯಾಗಿ ನಿಂತವರು ಎದುರು ಮನೆಯ ವೈನಿ. ಅವರ ಗಂಡ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದರು. ದಿನಾ ಸಂಜೆ ಅವರು ಬಸ್ಸಿಳಿದು ಓಣಿಗೆ ಕಾಲಿಟ್ಟರೆ ನಾವೆಲ್ಲ ಸೀನುತ್ತಿದ್ದೆವು, ಅಂಗಿಗೆ ಅಷ್ಟು ಘಾಟು. ಓಣಿಯ ಮಕ್ಕಳೆಲ್ಲ ಅವರನ್ನು ಅಣ್ಣಾ ಎನ್ನುತ್ತಿದ್ದುದರಿಂದ ಅವರ ಹೆಂಡತಿ ಎಲ್ಲರಿಗೂ ಅತ್ತಿಗೆ, ನಮ್ಮ ಕಡೆಯ ಮಾತಿನಲ್ಲಿ ವೈನಿ. ಎತ್ತರದ ಹೆಂಗಸು, ದೊಡ್ಡ ಕುಂಕುಮ, ದೊಡ್ಡ ನಗು.

ಅವರೂ ನಾವೂ ಒಂದೇ ಪೈಕಿ. ಯಾವ ಪೈಕಿ ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಅರ್ಧ ಜನಕ್ಕೆ ಸಮಾಧಾನವಾಗುತ್ತದೆ, ಇನ್ನರ್ಧ ಜನ ಪುಸ್ತಕ ಮುಚ್ಚಿಡುತ್ತಾರೆ.

ವೈನಿ ಗಿರಣಿಗೆ ಬಂದರೆ ಡಬ್ಬಿಯ ಜೊತೆ ಒಂದು ಹಿತ್ತಾಳೆಯ ಬೋಗುಣಿಯನ್ನೂ ತರುತ್ತಿದ್ದರು. ಅವರ ಜೋಳ ಸುರುವಿ, ಕಲ್ಲು ತಿರುಗಿ, ಕೆಳಗೆ ಹಿಟ್ಟು ಬೀಳಲು ಶುರುವಾಗುವಾಗ ಮೊದಲು ಬೋಗುಣಿ ಹಿಡಿಯುತ್ತಿದ್ದರು. ಅದು ತುಂಬಿದ ಮೇಲೆ ತಮ್ಮ ಡಬ್ಬಿ. ಬಿಸಿ ಹಿಟ್ಟಿನ ಆ ಬೋಗುಣಿಯನ್ನು ಅವ್ವನ ಕೈಗೆ ಕೊಟ್ಟು, "ಮೊದಲು ನಿಮಗ, ಆಮ್ಯಾಲ ನಮಗ. ಹುಡುಗಿಗೆ ರೊಟ್ಟಿ ಮಾಡಿ ಹಾಕು" ಎನ್ನುತ್ತಿದ್ದರು. ಪ್ರತಿ ಸಲವೂ. ಒಮ್ಮೆಯೂ ತಪ್ಪಿಸಿದವರಲ್ಲ.

"ವೈನಿ ಪ್ರೀತಿಲೆ ಕೊಟ್ಟಾಳ, ತಿನ್ನು" ಎಂದು ಅವ್ವ ರೊಟ್ಟಿ ಬಡಿದು ಹಾಕುತ್ತಿದ್ದಳು. ಆ ರೊಟ್ಟಿಗೆ ಬೇರೆಯದೇ ರುಚಿ. ಒಂದು ದಿನ ತುಸು ಸಿಹಿ, ಒಂದು ದಿನ ತುಸು ಕೆಂಪು, ಒಮ್ಮೊಮ್ಮೆ ಅಂಚು ಒಡೆಯದೆ ಮೆತ್ತಗೆ ಮಡಚುತ್ತಿತ್ತು. ನಮ್ಮ ಮನೆಯ ಜೋಳದ ರೊಟ್ಟಿ ಹಾಗಿರುತ್ತಿರಲಿಲ್ಲ. ದೊಡ್ಡವರ ಮನೆಯ ಜೋಳವೇ ಬೇರೆ ಇರಬೇಕು ಎಂದುಕೊಂಡಿದ್ದೆ.

ಮುಂದೆ ನಾನು ಓದಿ ಹಾವೇರಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಕೆಲಸ ಹಿಡಿದೆ. ಅಲ್ಲಿ ಇಲ್ಲಿ ಬರೆಯುವ ಚಟ ಹತ್ತಿತು. ಹಾವೇರಿಯಲ್ಲಿ ಒಂದು ಸಲ ಬರೆಯುವವರೆಲ್ಲ ಸೇರಿದ್ದ ಸಭೆಯಲ್ಲಿ, ನಮ್ಮೂರಿನ ಜನ ಹೇಗೆ ಕೂಡಿ ಬಾಳುತ್ತಾರೆ ಎಂಬುದರ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದರು. ನಾನು ಗಿರಣಿಯ ಬಗ್ಗೆ ಬರೆದುಕೊಂಡು ಹೋಗಿ ಓದಿದೆ. ಕಲ್ಲುಗಳ ನಡುವೆ ಉಳಿಯುವ ಹಿಟ್ಟು, ಒಬ್ಬರ ರೊಟ್ಟಿಯಲ್ಲಿ ಇನ್ನೊಬ್ಬರ ಕಾಳು, ಅಪ್ಪನ ಪಾಳಿ. ಕೊನೆಗೆ ವೈನಿಯ ಬೋಗುಣಿ. ತಾವು ಮುಟ್ಟುವ ಮೊದಲೇ ತಮ್ಮ ಹಿಟ್ಟಿನಲ್ಲಿ ಮೊದಲ ಪಾಲನ್ನು ತಂದೆಯಿಲ್ಲದ ಮಗುವಿಗೆ ಎತ್ತಿಡುತ್ತಿದ್ದ ಹೆಂಗಸು ಇರುವ ಊರು ನಮ್ಮದು ಎಂದು ಓದಿ ಮುಗಿಸಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವ್ವ ಮತ್ತು ವೈನಿ ಇಬ್ಬರನ್ನೂ ಕರೆದೊಯ್ದಿದ್ದೆ, ಮುಂದಿನ ಸಾಲಿನಲ್ಲೇ ಕೂತಿದ್ದರು. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವ್ವ ತಲೆ ತಗ್ಗಿಸಿಕೊಂಡು ಕೂತಿದ್ದಳು. ನಾಚಿಕೆಯಿರಬೇಕು ಎಂದುಕೊಂಡೆ.

ಅವ್ವನ ಮೊಣಕಾಲು ಕೈಕೊಟ್ಟ ಮೇಲೆ ನಾನು ಕೆಲಸ ಬಿಟ್ಟು ರಾಣೆಬೆನ್ನೂರಿಗೆ ಬಂದು ಗಿರಣಿಯಲ್ಲಿ ಕೂತೆ. ಅಷ್ಟರಲ್ಲಿ ಓಣಿ ಬದಲಾಗಿತ್ತು. ಊರು ನಾಲ್ಕೂ ದಿಕ್ಕಿಗೆ ಹರಡಿ, ಹೊಲಗಳೆಲ್ಲ ಪ್ಲಾಟುಗಳಾಗಿದ್ದವು. ಅನುಕೂಲ ಇದ್ದವರು ಒಬ್ಬೊಬ್ಬರಾಗಿ ಹೊಸ ಬಡಾವಣೆಗಳಿಗೆ ಹೋದರು. ಅವರು ಬಿಟ್ಟ ಮನೆಗಳಿಗೆ ಬೇರೆ ಜನ ಬಂದರು. ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಲೆಂದು ಕುಪ್ಪೇಲೂರಿನಿಂದ ಬಂದು ಬಾಡಿಗೆ ಹಿಡಿದವರು, ಬೀಜದ ಗೋದಾಮುಗಳಲ್ಲಿ ಚೀಲ ಹೊರುವ ಬಿಹಾರದ ಹುಡುಗರು, ಮೊಬೈಲ್ ಅಂಗಡಿ ತೆರೆದ ರಾಜಸ್ಥಾನದವರು. ಬಿಹಾರದವರು ಹುರಿದ ಕಡಲೆ ತಂದು ಬೀಸಿ ಕೊಡಿ ಎನ್ನುತ್ತಿದ್ದರು. ಅದನ್ನು ನೀರಿನಲ್ಲಿ ಕಲಸಿ ಉಪ್ಪು ಈರುಳ್ಳಿ ಹಾಕಿ ಕುಡಿಯುತ್ತಾರೆ ಎಂದು ತಿಳಿದಾಗ ನನಗೆ ಅಪ್ಪ ರಾಗಿ ಹಿಡಿದು ನಿಂತದ್ದು ನೆನಪಾಯಿತು. ಆದರೆ ಹೊಸಬರಲ್ಲಿ ಹೆಚ್ಚಿನವರು ಪಾಕೀಟಿನ ಹಿಟ್ಟು ಕೊಳ್ಳುವವರು. ಗಿರಣಿ ಅರ್ಧ ದಿನ ಸುಮ್ಮನೆ ನಿಲ್ಲತೊಡಗಿತು.

ವೈನಿಯ ಮನೆಯವರು ಮೇಡ್ಲೇರಿ ರಸ್ತೆಯ ಕಡೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ಒಂದು ದಿನ ಅವರೇ ಬಂದರು.

"ಇಲ್ಲೇನೈತೆ ಇನ್ನ? ನಮ್ಮ ಕಡೆ ಬಂದು ಹಾಕು ಗಿರಣಿ. ಮೂಲಿಗೆ ಒಂದು ಮಳಿಗಿ ಖಾಲಿ ಐತಿ, ನಾ ಹೇಳಿ ಕೊಡಸ್ತೇನಿ. ಅಲ್ಲಿ ಇರೋರೆಲ್ಲಾ ಜೋಳದ ರೊಟ್ಟಿ ತಿನ್ನೋ ಮಂದಿ. ಎಲ್ಲಾ ನಮ್ಮವರ."

ಎಲ್ಲಾ ನಮ್ಮವರೇ ಎಂಬ ಮಾತು ಆಗ ನನ್ನ ಕಿವಿಗೆ ಸಿಹಿಯಾಗಿಯೇ ಕೇಳಿಸಿತು. ಮಷೀನು ಕಿತ್ತು ಸಾಗಿಸಿದೆವು. ಹಳೆಯ ಜಾಗವನ್ನು ಮೊಬೈಲ್ ರಿಪೇರಿಯವರಿಗೆ ಕೊಟ್ಟೆ. ಹೊಸ ಮಳಿಗೆಯಲ್ಲಿ ಸಿಮೆಂಟು ಹಾಕಿ ಮಷೀನನ್ನು ಭದ್ರವಾಗಿ ಕೂರಿಸಿದ ಮೇಲೆ ತಿರುಗಿ ಹೋಗುವ ದಾರಿ ಇರಲಿಲ್ಲ. ನಾನೂ ಅವ್ವನೂ ಮಳಿಗೆಯ ಹಿಂದಿನ ಎರಡು ಕೋಣೆಗಳಲ್ಲಿ ಉಳಿದೆವು. ಗಿರಣಿ ನಡೆದರೆ ನಮ್ಮ ಒಲೆ ಉರಿಯಬೇಕು.

ಬಡಾವಣೆಯಲ್ಲಿ ಎಲ್ಲ ಮನೆಗಳೂ ಒಂದೇ ಪೈಕಿಯವರದು ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಇದಕ್ಕೆ ಕಾಯಿದೆ ಏನೂ ಇಲ್ಲ. ಪ್ಲಾಟು ಕೇಳಿಕೊಂಡು ಬಂದವರಿಗೆ ಫೋನ್ ನಂಬರಿಗಿಂತ ಮೊದಲು "ನೀವು ಯಾವ ಪೈಕಿರಿ?" ಎಂದು ಕೇಳುತ್ತಾರೆ, ಉತ್ತರ ಹಿಡಿಸದಿದ್ದರೆ ಪ್ಲಾಟುಗಳೆಲ್ಲ ಆಗಲೇ ಮಾರಿಹೋಗಿರುತ್ತವೆ. ಆ ಕಡೆ ಇನ್ನೊಂದು ಬಡಾವಣೆ, ಅದು ಇನ್ನೊಂದು ಪೈಕಿಯವರದು. ರೈಲ್ವೆ ಹಳಿಯಾಚೆ ಮತ್ತೊಂದು. ನಾನು ಹಾವೇರಿಯ ಸಭೆಯಲ್ಲಿ ಎದೆಯುಬ್ಬಿಸಿ ಓದಿದ ಊರು ಯಾವಾಗಲೋ ಕಾಳು ಆರಿಸಿದ ಹಾಗೆ ಬೇರೆ ಬೇರೆ ಮೊರಗಳಲ್ಲಿ ಬಿದ್ದಿತ್ತು. ನಾನೇ ನೋಡಿರಲಿಲ್ಲ.

ಅಲ್ಲಿ ನಮ್ಮವರಲ್ಲದವರು ಎಂದರೆ ಹೊಸ ಮನೆಗಳನ್ನು ಕಟ್ಟುತ್ತಿದ್ದವರು. ಯಾದಗಿರಿ ಕಡೆಯ ಗಂಡಹೆಂಡಿರು, ಉತ್ತರದ ಕಡೆಯ ಗಾರೆಯವರು. ತಗಡಿನ ಶೆಡ್ಡುಗಳಲ್ಲಿ ಇರುತ್ತಿದ್ದರು. ಗಿರಣಿ ಶುರುವಾದ ಮೊದಲ ದಿನಗಳಲ್ಲಿ ಕಾಳು ತಂದವರು ಅವರೇ. ಬಡಾವಣೆಯ ಹೆಂಗಸರು ಬಂದು ಮಷೀನು ನೋಡಿ, ಅವ್ವನ ಆರೋಗ್ಯ ವಿಚಾರಿಸಿ, ಬರಿಗೈಯಲ್ಲಿ ಮರಳುತ್ತಿದ್ದರು. ವೈನಿಯನ್ನು ಕೇಳಿದೆ.

"ಇರಲಿ, ನಾ ಮಾತಾಡ್ತೇನಿ" ಎಂದರು.

ಮಾರನೆಯ ಸಂಜೆ ಹೆಂಗಸರ ಗುಂಪನ್ನೇ ಕಟ್ಟಿಕೊಂಡು ಬಂದರು. ನಾನು ಒಳಗೆ ಪಟ್ಟಾ ಬಿಗಿ ಮಾಡುತ್ತಿದ್ದೆ. ಅವರು ಮಳಿಗೆಯ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. ಕೇಳಿಸಬಾರದು ಎಂದು ಯಾರೂ ಪಿಸುಗುಟ್ಟುತ್ತಿರಲಿಲ್ಲ.

ಒಬ್ಬ ಹೆಂಗಸು ಎಂದಳು: "ಗಿರಣಿ ಏನೋ ಛಲೋ ಐತ್ರಿ. ಆದ್ರ ಆ ಶೆಡ್ಡಿನವರೆಲ್ಲಾ ಬೀಸಸ್ತಾರ. ಅದ ಕಲ್ಲಿಗೆ ನಮ್ಮದೂ ಹಾಕಬೇಕಲ್ರಿ."

"ಅದಕ್ಯಾಕ ಚಿಂತಿ ಮಾಡ್ತೀರಿ?" ಎಂದರು ವೈನಿ. ನನ್ನ ಪರವಾಗಿ ವಾದ ಮಾಡುವ ಉತ್ಸಾಹ ಆ ಧ್ವನಿಯಲ್ಲಿ. "ನಾ ಹಳೇ ಓಣ್ಯಾಗ ಎಂತೆಂಥವರ ಹಿಂದ ಬೀಸಿಸೇನಿ ಗೊತ್ತೈತೇನು? ಹೊರಗಿನವರದು ನಿಮ್ಮ ಮುಂದ ಇತ್ತಂದ್ರ ಒಂದು ಬೋಗುಣಿ ತರ್ರಿ. ಮೊದಲಿನ ಹಿಟ್ಟು ಅದರಾಗ ಹಿಡೀರಿ. ಅವರದೆಲ್ಲಾ ಅದರಾಗ ಬಂದುಬಿಡ್ತೈತಿ. ಅದನ್ನ ಇಕಿಗೆ ಕೊಟ್ಟುಬಿಡ್ರಿ. ಚೆಲ್ಲಿದ ಪಾಪಾನೂ ಬರಂಗಿಲ್ಲ. ಇಷ್ಟು ವರ್ಷ ನಾ ಹಂಗ ಮಾಡಿಕೋತ ಬಂದೇನಿ. ಗಿರಣಿಯವರಿಗೆ ಏನು, ಎಲ್ಲಾರದೂ ನಡೀತೈತಿ."

ಹೆಂಗಸರು ಹೌದಲ್ಲ ಎಂದರು. ಒಬ್ಬಳು ಭಾಳ ಶಾಣ್ಯಾ ಅದೀರಿ ನೀವು ಎಂಬಂತೆ ನಕ್ಕಳು. ವೈನಿ ಒಳಗೆ ಇಣುಕಿ, "ನಾಳಿಂದ ಬರ್ತಾರ ನೋಡವಾ ಎಲ್ಲಾರೂ" ಎಂದು ನನಗೆ ಹೇಳಿದರು. ಕೆಲಸ ಮಾಡಿಕೊಟ್ಟ ಸಂತೋಷ ಅವರ ಮುಖದ ತುಂಬ ಇತ್ತು.

ಮೊದಲ ಹಿಟ್ಟಿನಲ್ಲಿ ಹಿಂದಿನವರ ಹಿಟ್ಟು ಇರುತ್ತದೆ ಎಂಬುದು ನನಗೆ ಗೊತ್ತಿತ್ತು. ವೈನಿ ಬೋಗುಣಿಗೆ ಹಿಡಿಯುತ್ತಿದ್ದುದು ಮೊದಲ ಹಿಟ್ಟನ್ನು ಎಂಬುದೂ ಗೊತ್ತಿತ್ತು. ಗಿರಣಿಯವರ ಮಗಳಾಗಿ ಈ ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಅಷ್ಟು ವರ್ಷ ಬಂದಿರಲಿಲ್ಲ. ಎಷ್ಟು ಸಲೀಸಾಗಿ ನನ್ನ ಕಿವಿಯ ಮೇಲೆ ಹೂವಿಟ್ಟಿದ್ದರು! ತಮಗೆ ಬೇಡವಾದದ್ದನ್ನು ನಮಗೆ ಕೊಟ್ಟು ಅದಕ್ಕೆ ಪ್ರೀತಿ ಎಂದು ಹೆಸರಿಟ್ಟರು, ನಾನು ಅದನ್ನು ತಲೆಯ ಮೇಲೆ ಹೊತ್ತು ಹಾವೇರಿಯಲ್ಲಿ ಮೆರವಣಿಗೆ ಮಾಡಿ ಬಂದೆ. ಅವತ್ತು ಅವರು ಕಣ್ಣೊರೆಸಿಕೊಂಡದ್ದು ಯಾತಕ್ಕೆ? ಈಗಲೂ ನನಗೆ ತಿಳಿದಿಲ್ಲ. ಪಟ್ಟಾವನ್ನು ಅರ್ಧಕ್ಕೇ ಬಿಟ್ಟೆ. ಹೊಟ್ಟೆ ನೋಯುತ್ತಿದೆ ಎಂದು ಸುಳ್ಳು ಹೇಳಿ ಷಟರ್ ಎಳೆದೆ.

ಹಿಂದಿನ ಕೋಣೆಯಲ್ಲಿ ಅವ್ವ ಬದನೆಕಾಯಿ ಹೆಚ್ಚುತ್ತ ಕೂತಿದ್ದಳು. ಕೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಬೆಚ್ಚಿಬೀಳುತ್ತಾಳೆ, ನನ್ನ ಜೊತೆ ಕೂಡಿ ವೈನಿಯನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಈಳಿಗೆಯನ್ನು ಪಕ್ಕಕ್ಕೆ ಸರಿಸಿದಳು, ಅಷ್ಟೇ.

"ನಿನಗ ಇವತ್ತು ಗೊತ್ತಾತೇನು?" ಎಂದಳು.

"ಅಂದ್ರ? ನಿನಗ ಮೊದಲ ಗೊತ್ತಿತ್ತೇನು?"

"ಕಲ್ಲು ತಿರುಗಿಸಾಕಿ ನಾನು. ನನಗ ಗೊತ್ತಿರಂಗಿಲ್ಲೇನು? ಕೇರಿಯವರದು ಹಾಕಿದ ಮ್ಯಾಲ ಬಂದ್ರ ಆಕಿ ದೊಡ್ಡ ಬೋಗುಣಿ ತರತಿದ್ಲು. ನಮ್ಮವರ ಹಿಂದ ಬಂದ್ರ ಸಣ್ಣದು."

"ಮತ್ತ ಯಾಕ ಸುಮ್ಮನಿದ್ದಿ?"

"ಸುಮ್ಮನಿರದ ಏನು ಮಾಡ್ಲಿ? ನಿಮ್ಮಪ್ಪ ಸತ್ತಾಗ ದೊಡ್ಡ ಮನಿಯವರೆಲ್ಲಾ ಬ್ಯಾರೆ ಗಿರಣಿ ನೋಡಾಕತ್ತಿದ್ರು. ಹೆಂಗಸು ಏನು ನಡಸ್ತಾಳ ಅಂತ. ವೈನಿ ಬಿಡಲಿಲ್ಲ. ಆಕಿ ನಿಂತಳು ಅಂತ ಉಳಿದವರು ನಿಂತ್ರು. ಒಂದು ಬೋಗುಣಿ ಹಿಟ್ಟಿಗೆ ನಾ ಆಕಿ ಕೂಡ ಜಗಳಾ ತೆಗೀಲೇನು?"

"ನನಗರ ಹೇಳಬೇಕಿತ್ತು."

"ಸಣ್ಣಾಕಿ ಇದ್ದಿ. ಪ್ರೀತಿಲೆ ಕೊಟ್ಟಾಳ ಅಂದ್ರ ನಕ್ಕೋತ ತಿಂತಿದ್ದಿ. ಖರೇ ಹೇಳಿದ್ರ ತಿಂತಿದ್ದೇನು?"

"ದೊಡ್ಡಾಕಿ ಆದ ಮ್ಯಾಲ? ಹಾವೇರ್ಯಾಗ ಅಷ್ಟು ಮಂದಿ ಮುಂದ ಓದಾಕ ನಿಂತಾಗ?"

ಅವ್ವ ಈಳಿಗೆಯನ್ನು ಮತ್ತೆ ಹತ್ತಿರ ಎಳೆದುಕೊಂಡಳು. ನಾನು ಬಿಡಲಿಲ್ಲ, ಕೂಗಾಡಿದೆ. ನನ್ನನ್ನು ಊರ ಮುಂದೆ ಮಂಗ ಮಾಡಿದಿ ಎಂದೆ. ಹೊರಗಿನವಳು ಮೋಸ ಮಾಡಿದರೆ ತಡೆದುಕೊಳ್ಳಬಹುದು, ನೀನೇ ಹೀಗೆ ಮಾಡಿದರೆ ಯಾರ ಹತ್ತಿರ ಹೋಗಲಿ ಎಂದೆ. ಅಷ್ಟನ್ನೂ ಕೇಳಿಸಿಕೊಂಡು ಅವಳು ಒಂದೇ ಮಾತು ಹೇಳಿದಳು.

"ನನಗೂ ಸಂಕಟ ಆಗತಿತ್ತು ಮಗಳ. ಅಷ್ಟು ವರ್ಷದಾಗ ಒಂದಿನ ಒಂದು ಮುಷ್ಟಿ ತಮ್ಮ ಡಬ್ಬ್ಯಾಗಿಂದ ತಗದು ಕೊಟ್ಟಿದ್ರ..." ಎಂದು ಅಲ್ಲಿಗೆ ನಿಲ್ಲಿಸಿ ಮತ್ತೆ ಬದನೆಕಾಯಿ ಹೆಚ್ಚತೊಡಗಿದಳು.

ಮರುದಿನ ನಾನು ವೈನಿಯ ಮನೆಗೆ ಹೋದೆ. ಜಗಳಕ್ಕೇ ಹೋದದ್ದು. ಅವರು ಕುಂದ್ರು ಎಂದು ಚಹಾ ಇಟ್ಟರು. ನಾನು ಕೂರದೆ ಕೇಳಿದೆ, ಇಷ್ಟು ವರ್ಷ ನಮಗೆ ಕೊಟ್ಟದ್ದು ಅದನ್ನೇ ಏನು ಎಂದು. ಅವರಿಗೆ ನನ್ನ ಸಿಟ್ಟಿನ ಕಾರಣವೇ ಹೊಳೆಯಲಿಲ್ಲ.

"ಹಿಟ್ಟು ಹಿಟ್ಟ ಅಲ್ಲೇನು? ಅದರಾಗ ಮಣ್ಣೇನರ ಇತ್ತೇನು? ನನ್ನ ಜೋಳಾನೂ ಅದರಾಗ ಬರತಿತ್ತಲ್ಲ. ಅಳತಿ ಮಾಡಿ ಕೊಡಲಿಲ್ಲ ನಾ, ತುಂಬಿ ಕೊಟ್ಟೇನಿ."

"ನಾವೂ ನಿಮ್ಮ ಪೈಕಿಯವರ ಅಲ್ರಿ, ವೈನಿ? ನೀವು ಉಣ್ಣದ್ದು ನಾವು ಉಣ್ಣಬಹುದೇನು?"

ಅವರು ಚಹಾದ ಕಪ್ಪು ನನ್ನ ಕಡೆ ಸರಿಸಿದರು. ಚಿಕ್ಕ ಮಗುವಿಗೆ ಬಿಡಿಸಿ ಹೇಳುವಂತೆ ಹೇಳಿದರು. "ಪೈಕಿ ಖರೇ. ಆದ್ರ ನೀವು ಗಿರಣ್ಯಾಗ ಇರೋರು. ಎಲ್ಲಾರ ಕಾಳು ಮುಟ್ಟಿ, ಎಲ್ಲಾರ ಹಿಟ್ಟು ಮೈಮ್ಯಾಲ ಹಾಕ್ಕೊಂಡು ಕುಂತೀರಿ. ನಿಮಗೆಲ್ಲಿಂದು ಆ ಮಡಿ ಮೈಲಿಗಿ?" ಮತ್ತೆ, "ನಿನಗ ನಾ ಏನು ಕಡಿಮಿ ಮಾಡೇನವಾ?" ಎಂದು ಕೇಳುವಾಗ ಅವರ ಕಣ್ಣಿನಲ್ಲಿ ನಿಜವಾಗಿಯೂ ನೀರು ಬಂತು. ಅದು ನಾಟಕವಲ್ಲ. ನಾಟಕವಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಚಹಾ ಮುಟ್ಟದೆ ಎದ್ದು ಬಂದೆ. ಆಗ ನನಗೆ ಹೊಳೆದದ್ದು, ಅಷ್ಟು ವರ್ಷ ಎದುರು ಬದುರು ಇದ್ದರೂ ವೈನಿ ನಮ್ಮ ಮನೆಯಲ್ಲಿ ಒಂದು ದಿನವೂ ಊಟಕ್ಕೆ ಕೂತಿರಲಿಲ್ಲ. ಒಮ್ಮೆ ಉಪವಾಸ, ಒಮ್ಮೆ ಈಗಷ್ಟೇ ಆಯಿತು, ಒಮ್ಮೆ ಹೊಟ್ಟೆ ಸರಿಯಿಲ್ಲ.

ಅವರು ಹೇಳಿದ ಹಾಗೆ ಬಡಾವಣೆಯ ಹೆಂಗಸರು ಬಂದರು. ಡಬ್ಬಿಯ ಜೊತೆ ಬೋಗುಣಿ ಬಂತು. ಯಾವ ಮನೆಯಲ್ಲಿ ನೋಡಿದರೂ ಗಿರಣಿಗೆಂದೇ ಒಂದು ಸ್ಟೀಲಿನ ಬೋಗುಣಿ. ಬೇಡ, ನಿಮ್ಮ ಹಿಟ್ಟು ನೀವೇ ಒಯ್ಯಿರಿ ಎಂದು ಹೇಳಿ ನೋಡಿದೆ. ಅಯ್ಯ ಇರ್ಲಿ ತಗೋರಿ ಎಂದು ನಕ್ಕು, ಹಿಟ್ಟನ್ನು ಕಟ್ಟೆಯ ಮೇಲಿನ ನಮ್ಮ ಪಾತ್ರೆಗೆ ಸುರುವಿ ಹೋಗುತ್ತಿದ್ದರು. ಷಟರ್ ಎಳೆದು ಕೂತರೆ ಒಲೆ ಉರಿಯುವುದಿಲ್ಲ. ಆ ಹಿಟ್ಟನ್ನು ಶೆಡ್ಡಿನವರಿಗೆ ಕೊಡಬಹುದಿತ್ತು, ಕೊಡಲಿಲ್ಲ; ಕೊಟ್ಟರೆ ನಾನೂ ವೈನಿಯೇ ಆಗುತ್ತಿದ್ದೆ. ಚೆಲ್ಲಲು ಕೈ ಬರಲಿಲ್ಲ. ಒಳಗೆ ಒಯ್ದು ರೊಟ್ಟಿ ಮಾಡಿದೆ, ಸಿಟ್ಟಿನಿಂದಲೇ ತಿಂದೆ. ಚಿಕ್ಕಂದಿನಲ್ಲಿ ಹೇಗಿತ್ತೋ ಅದೇ ರುಚಿ. ರುಚಿಯಾಗಿದೆ ಎಂದು ಇನ್ನಷ್ಟು ಸಿಟ್ಟು ಬಂತು. ಅವ್ವನ ಜೊತೆ ಮಾತು ಬೇಕಾದಷ್ಟಕ್ಕೆ ಮಾತ್ರ ಉಳಿದಿತ್ತು. ಊಟಕ್ಕೆ ಬಾ, ಗುಳಿಗೆ ತಗೋ, ಇಷ್ಟೇ.

ಹೀಗೇ ಸ್ವಲ್ಪ ಕಾಲ ನಡೆದ ಮೇಲೆ ಒಂದು ವಿಚಿತ್ರ ಕಂಡಿತು. ಶೆಡ್ಡಿನವರು ಮನೆಗಳನ್ನು ಕಟ್ಟಿ ಮುಗಿಸಿ ಬೇರೆ ಕಡೆ ಹೋಗಿದ್ದರು. ಈಗ ಪಾಳಿಯಲ್ಲಿ ಇರುವವರೆಲ್ಲ ಒಂದೇ ಪೈಕಿ. ಆದರೂ ಬೋಗುಣಿಗಳು ನಿಲ್ಲಲಿಲ್ಲ. ನಮ್ಮವರು ಎಂಬುದರೊಳಗೆ ಎಷ್ಟು ಒಳಗುಂಪುಗಳಿವೆ ಎಂಬುದು ಆಗ ಒಂದೊಂದಾಗಿ ಹೊರಗೆ ಬಂತು. ಬ್ಯಾಡಗಿ ಕಡೆಯಿಂದ ಬಂದವರು, ಹಳ್ಳಿಯಿಂದ ಬಂದವರು, ಇವರಿಗಿಂತ ಒಂದು ಗೆರೆ ಮೇಲೆ ಎಂದು ತಿಳಿದ ಇನ್ನೊಂದು ಒಳಪಂಗಡದವರು. ಹೆಂಗಸರು ಬಂದ ಕೂಡಲೇ "ನನ್ನ ಮುಂದ ಯಾರಿದ್ರು?" ಎಂದು ಕೇಳಿ, ಹೆಸರು ತಿಳಿದು, ಬೋಗುಣಿ ತೆಗೆಯಬೇಕೋ ಬೇಡವೋ ಎಂದು ನಿರ್ಧಾರ ಮಾಡುತ್ತಿದ್ದರು.

ಅವತ್ತು ವೈನಿಯೇ ಮೊದಲು ಬಂದಿದ್ದರು. ಜಗಳವಾದ ಮೇಲೂ ಅವರು ಬೀಸಿಸುವುದನ್ನು ಬಿಟ್ಟಿರಲಿಲ್ಲ, ನಾನೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಅವರ ಜೋಳ ಬೀಸಿ ಮುಗಿಯಿತು. ಡಬ್ಬಿಯ ಮುಚ್ಚಳ ಹಾಕಿಕೊಂಡು ಕಟ್ಟೆಯ ಮೇಲೆ ದಣಿವಾರಿಸಿಕೊಳ್ಳುತ್ತ ಕೂತಿದ್ದರು, ಅವರಿಗೂ ವಯಸ್ಸಾಗಿತ್ತು. ಆಗ ಹಾವೇರಿಯಿಂದ ಬಂದು ಮೂಲೆಯ ದೊಡ್ಡ ಮನೆಯಲ್ಲಿರುವ, ಆ ಮೇಲಿನ ಗೆರೆಯ ಒಳಪಂಗಡದ ಹೆಂಗಸು ಬಂದಳು. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರ ಹೆಂಡತಿ, ಮೆತ್ತಗಿನ ಮಾತು. ಅವಳ ಜೋಳ ಸುರುವಿ ನಾನು ಮಷೀನು ಹಾಕುವಾಗ ಅವಳು ಕೇಳಿದಳು.

"ಮುಂದ ಯಾರದಿತ್ರಿ?"

"ನಂದ ಇತ್ತವಾ" ಎಂದು ವೈನಿ ನಗುತ್ತ ಹೇಳಿದರು.

"ಓ, ನಿಮ್ಮದಾ ಅಕ್ಕಾರ" ಎಂದು ಅವಳೂ ನಕ್ಕಳು. ನಕ್ಕು, ಚೀಲದಿಂದ ಬೋಗುಣಿ ತೆಗೆದು ಹಿಟ್ಟು ಬೀಳುವಲ್ಲಿ ಹಿಡಿದಳು.

ವೈನಿ ನೋಡಿದರು. ಮೊದಲು ಅರ್ಥವಾಗದವರಂತೆ ನೋಡಿದರು. ಬೋಗುಣಿ ತುಂಬಿತು. ಆ ಹೆಂಗಸು ಅದನ್ನು ನನ್ನ ಕಡೆ ಚಾಚಿ, ಕೆಳಗೆ ತನ್ನ ಡಬ್ಬಿ ಇಟ್ಟಳು.

"ಯಾಕವಾ? ನನ್ನ ಹಿಟ್ಟಿಗೇನಾಗೈತಿ?" ಮಷೀನಿನ ಸದ್ದಿನ ಮೇಲೆ ವೈನಿಯ ದನಿ ಕೇಳಿಸಿತು.

"ಏನಿಲ್ರಿ ಅಕ್ಕಾರ. ನೀವ ಹೇಳಿಕೊಟ್ಟ ಪದ್ಧತಿ ಅಲ್ರಿ ಇದು?"

ವೈನಿ ನನ್ನ ಕಡೆ ತಿರುಗಿದರು. ನೀನಾದರೂ ಒಂದು ಮಾತು ಹೇಳು ಎಂಬುದು ಆ ಮುಖದಲ್ಲಿ ಸ್ಪಷ್ಟವಾಗಿತ್ತು. ಇಂಥ ದಿನ ಬಂದರೆ ನನಗೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಆದರೆ ಅವರ ಪರವಾಗಿ ಆಡುವ ಬದಲು ಬೋಗುಣಿಯ ಹಿಟ್ಟನ್ನು ಒಂದು ಖಾಲಿ ಪಾತ್ರೆಗೆ ಸುರುವಿಕೊಂಡೆ. ವೈನಿ ಡಬ್ಬಿಯನ್ನು ಸೊಂಟದ ಮೇಲಿಟ್ಟುಕೊಂಡು ಮೆಲ್ಲಗೆ ರಸ್ತೆ ದಾಟಿದರು. ಆಳು ಬಂದು ಒಯ್ಯಲಿ ಎಂದು ಯಾವಾಗಲೂ ಬಿಟ್ಟುಹೋಗುವವರು ಅವತ್ತು ತಾವೇ ಹೊತ್ತುಕೊಂಡು ಹೋದರು.

ಸಂಜೆ ಆ ಹಿಟ್ಟಿನಿಂದ ರೊಟ್ಟಿ ಮಾಡಿದೆ. ಅವ್ವ ತಟ್ಟೆಯಲ್ಲಿದ್ದುದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬೆಳ್ಳಗೆ, ಅಂಚು ಒಡೆದ, ಬರೀ ಜೋಳದ ರೊಟ್ಟಿ.

"ಯಾರ ಹಿಟ್ಟು ಇದು?" ಎಂದಳು.

"ವೈನಿದು."

"ಆಕಿದ? ಬರೇ ಆಕಿದ ಐತೇನು?"

"ಬರೇ ಆಕಿದ."

ಅವ್ವ ತಲೆಯೆತ್ತಿದಳು. ಬಹಳ ದಿನಗಳ ಮೇಲೆ ನನ್ನ ಮುಖವನ್ನು ನೇರವಾಗಿ ನೋಡಿದಳು. "ತಾನ ಕೊಟ್ಟಳೇನು?"

ಹಾವೇರಿಯವಳ ಬೋಗುಣಿ, ಅದರಲ್ಲಿ ಕಲೆತ ಇಬ್ಬರ ಹಿಟ್ಟು, ಗಿರಣಿಯಲ್ಲಿ ಆದದ್ದೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಹೂಂ" ಎಂದೆ. "ತಾನ ಕೊಟ್ಟಳು. ತಿನ್ನು."

ಅವ್ವ ರೊಟ್ಟಿ ಮುರಿದಳು.